ಅದು ನುಂಗೋ ಮಾತ್ರೆ ಅಲ್ಲ ಅಜ್ಜಾ

ಮೊನ್ನೆ ಅಂಕೋಲಾ ಕಡೆಯ ಅಜ್ಜ ಒಬ್ರು ಮತ್ತೆ ಅಡ್ಮಿಟ್ ಆದ್ರು, ಈ ಮಳೆಗಾಲದಲ್ಲೇ ಮೂರನೇ ಸಲ. ಔಷಧಿ ಚೀಲ ಬಿಚ್ಚಿ ನೋಡ್ತೀನಿ, ರೋಟಾಹೇಲರ್ (ಕ್ಯಾಪ್ಸೂಲ್ ಒಳಗಿನ ಪುಡಿನ ಉಸಿರಲ್ಲಿ ಎಳ್ಕೊಳ್ಳೋ ಪ್ಲಾಸ್ಟಿಕ್ ಡಬ್ಬಿ) ಅಂಗಡಿಯಿಂದ ತಂದ ಹಾಗೇ ಫಳಫಳ ಅಂತಿದೆ, ಪುಡಿಯ ಒಂದು ಕಣ ಅಂಟಿಲ್ಲ. ಕ್ಯಾಪ್ಸೂಲ್ ಡಬ್ಬಿ ಮಾತ್ರ ಖಾಲಿ. "ಹೇಗೆ ತಗೊಳ್ತೀರಿ ಅಜ್ಜಾ" ಅಂದೆ. "ಬೆಳಿಗ್ಗೆ ಒಂದು, ರಾತ್ರಿ ಒಂದು, ನೀರು ಕುಡ್ದು ನುಂಗ್ತೆ, ಒಂದು ದಿನಾನೂ ತಪ್ಸಲಿಲ್ಲ" ಅಂದ್ರು ಹೆಮ್ಮೆಯಿಂದ. ಆ ಪ್ಲಾಸ್ಟಿಕ್ ಡಬ್ಬಿ ಡಬಲ್ ಪ್ಯಾಕಿಗೆ ಫ್ರೀ ಬಂದಿದ್ದು ಅಂದ್ಕೊಂಡಿದ್ರಂತೆ.

ಮೊದಲು ನಗು ಬಂತು, ಸುಳ್ಳು ಹೇಳಲ್ಲ. ಆಮೇಲೆ ಹಳೇ ಫೈಲ್ ತೆಗೆದೆ. ಎರಡೂ ಡಿಸ್ಚಾರ್ಜಲ್ಲಿ "ಇನ್ಹೇಲರ್ ಬಳಕೆ ತಿಳಿಸಲಾಗಿದೆ" ಅಂತ ಟಿಕ್. ಅದರಲ್ಲಿ ಒಂದು ಟಿಕ್ ನಂದೇ.

ಹನ್ನೊಂದು ವರ್ಷದಿಂದ ಕಾರವಾರದಲ್ಲಿ ಸ್ಟಾಫ್ ನರ್ಸ್ ನಾನು, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟ ಆಗೋ ದೀರ್ಘಕಾಲದ ಕಾಯಿಲೆ) ಪೇಷಂಟ್ಸ್ ನೋಡಿ ನೋಡಿ ಒಂದು ಮಾತು ಗಟ್ಟಿ ಅನ್ಸಿದೆ. ನಮ್ಮ ಜನ ದಮ್ಮು ಅಂತಾರಲ್ಲ, ಆ ಕಾಯಿಲೆಲಿ ಹಾಳಾದ ಶ್ವಾಸಕೋಶ ವಾಪಸ್ ಬರಲ್ಲ, ಉಳಿದಿದ್ದನ್ನ ಕಾಯ್ಕೊಳ್ಳೋದು ಅಷ್ಟೇ, ಆ ಕಾಯೋ ಕೆಲಸ ಅರ್ಧಕ್ಕರ್ಧ ಹಾಸಿಗೆ ಪಕ್ಕ ಕೂತು ಕಲಿಸೋ ಹತ್ತು ನಿಮಿಷದಲ್ಲಿದೆ. ಆ ಹತ್ತು ನಿಮಿಷಾನೇ ನಮ್ಮ ಹತ್ರ ಇರಲ್ಲ. ರಾತ್ರಿ ಪಾಳಿಲಿ ಇಬ್ರು ಸಿಸ್ಟರ್, ವಾರ್ಡ್ ತುಂಬ ಜನ, ಅದರ ಮಧ್ಯ ಯಾರಿಗೆ ಕೂರಿಸ್ಕೊಂಡು ಹೇಳೋದು? ಟಿಕ್ ಹಾಕ್ತೀವಿ.

ಅವತ್ತು ಕೂತೆ. ಕ್ಯಾಪ್ಸೂಲ್ ಹಾಕಿ ತಿರುಗಿಸಿ, ಮೊದಲು ಉಸಿರು ಪೂರ್ತಿ ಹೊರಗೆ ಬಿಡಿ (ಡಬ್ಬಿ ಒಳಗಲ್ಲ, ಪಕ್ಕಕ್ಕೆ ತಿರುಗಿ), ಆಮೇಲೆ ಬಾಯಿಗಿಟ್ಟು ಜೋರಾಗಿ ಒಂದೇ ಎಳೆತಕ್ಕೆ ಎಳೀರಿ, ಹತ್ತು ಎಣಿಸೋವರೆಗೆ ಹಿಡ್ಕೊಳ್ಳಿ. ಪಂಪಿನ ಥರದ್ದಾದ್ರೆ ಲೆಕ್ಕ ಉಲ್ಟಾ, ಅದನ್ನ ನಿಧಾನಕ್ಕೆ ಎಳೀಬೇಕು, ಪಂಪಿಗೂ ಬಾಯಿಗೂ ಮಧ್ಯ ಸ್ಪೇಸರ್ ಅನ್ನೋ ಕೊಳವೆ ಹಾಕಿದ್ರೆ ಇನ್ನೂ ಒಳ್ಳೇದು. ಸ್ಟೀರಾಯ್ಡ್ ಇರೋದಾದ್ರೆ ಬಾಯಿ ಮುಕ್ಕಳಿಸಿ ಉಗೀಲೇಬೇಕು, ಇಲ್ದಿದ್ರೆ ಬಾಯೊಳಗೆ ಬಿಳಿ ಬಿಳಿ ಫಂಗಸ್ ಕೂರುತ್ತೆ. ಅಜ್ಜ ನಾಲ್ಕನೇ ಸಲಕ್ಕೆ ಸರಿಯಾಗಿ ಎಳೆದ್ರು. "ಹ್ಞಾಂ, ಈಗ ಗಂಟಲಲ್ಲಿ ಗೊತ್ತಾಯ್ತು" ಅಂದ್ರು.

ಇನ್ನೊಂದು ತಲೆನೋವು ಆಕ್ಸಿಜನ್. ಕೋವಿಡ್ ಬಂದು ಎಲ್ಲರ ಮನೇಲೂ ಆಕ್ಸಿಮೀಟರ್ ಆಯ್ತು, ರಕ್ತದ ಆಕ್ಸಿಜನ್ ಶೇಕಡಾ 95ಕ್ಕಿಂತ ಕೆಳಗೆ ಬಂದ್ರೆ ಕಥೆ ಮುಗೀತು ಅಂತ ತಲೇಲಿ ಕೂತುಬಿಟ್ಟಿದೆ. ಸಿಒಪಿಡಿ ಜೋರಿರೋರಿಗೆ ನಾವು ಸಾಮಾನ್ಯವಾಗಿ ಬೇಕಂತಲೇ 88ರಿಂದ 92ರೊಳಗೆ ಇಟ್ಟಿರ್ತೀವಿ. ಒಂದ್ಸಲ ರಾತ್ರಿ ಮಗ ಒಬ್ಬ, ಪಾಪ ಅಪ್ಪನ ಮೇಲಿನ ಪ್ರೀತಿಗೇ, ನಾನು ಆ ಕಡೆ ಹೋದಾಗ 2 ಲೀಟರಲ್ಲಿದ್ದ ಫ್ಲೋ ಮೀಟರ್ ತಿರುಗಿಸಿ 8ಕ್ಕೆ ಇಟ್ಟ. ಮಾನಿಟರಲ್ಲಿ 99. ಅಪ್ಪ ನಿದ್ದೆ ಹೋದ್ರು, ಮಗ ಖುಷಿ. ನಾನು ಬಂದು ಎಬ್ಬಿಸಿದ್ರೆ ಕಣ್ಣೇ ಬಿಡ್ತಿಲ್ಲ. ಅದು ನಿದ್ದೆ ಅಲ್ಲ ಮಾರಾಯ್ರೆ, ಆಕ್ಸಿಜನ್ ಅತಿಯಾಗಿ ಒಳಗೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು. ಡಾಕ್ಟರ್ ಓಡಿ ಬಂದು ಬೈಪ್ಯಾಪ್ (ಮಾಸ್ಕಿಂದ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗೋ ಮಷಿನ್) ಹಾಕಿ ಬೆಳಗಿನ ಜಾವಕ್ಕೆ ಸುಧಾರಿಸಿದ್ರು. ಬಯ್ಯೋಣ ಅಂದ್ರೆ ಆ ಹುಡುಗನಿಗೂ ಯಾರೂ ಹೇಳಿರ್ಲಿಲ್ಲ.

ಸಿಒಪಿಡಿ ಬೀಡಿ ಸೇದಿದವರಿಗಷ್ಟೇ ಬರೋದು ಅನ್ನೋರು ನಮ್ಮ ಘಟ್ಟದ ಮೇಲಿನ ಆಯಿಯಂದಿರನ್ನ ನೋಡಬೇಕು. ನನ್ನ ತವರು ಸಿರ್ಸಿ ಹತ್ರ. ನಮ್ಮ ದೊಡ್ಡಾಯಿ ಬೀಡಿ ಮುಟ್ಟಿದವಳಲ್ಲ, ಐವತ್ತು ವರ್ಷ ಒಲೆ ಮುಂದೆ ಕೂತವಳು. ಅಡಿಗೆ ಒಲೆ, ಬಚ್ಚಲ ಒಲೆ, ಕೊಯ್ಲಿನ ಟೈಮಲ್ಲಿ ಅಡಿಕೆ ಬೇಯಿಸೋ ಹಂಡೆ, ಆಷಾಢದಲ್ಲಿ ಹಸಿ ಸೌದೆ ಹೊತ್ತದೆ ಮನೆ ತುಂಬ ಹೊಗೆ. ಅವಳಿಗೆ ತುಟಿ ಚೂಪು ಮಾಡಿ ಉಸಿರು ಬಿಡೋದು ಕಲಿಸೋಕೆ ಹೋದೆ, ಮೂಗಿಂದ ಎರಡು ಎಣಿಸಿ ಒಳಗೆ, ಬಾಯಿಂದ ನಾಲ್ಕು ಎಣಿಸಿ ನಿಧಾನ ಹೊರಗೆ, ಬಿಸಿ ಗಂಜಿ ಆರಿಸೋ ಹಾಗೆ. "ಊದುಗೊಳವೆ ಊದಿ ಊದಿ ಅಭ್ಯಾಸ ಇದ್ದು, ಇದೆಂತ ದೊಡ್ಡ ವಿದ್ಯೆ" ಅಂದ್ಳು. ನನಗೆ ಬಾಯಿ ಕಟ್ಟಿಹೋಯ್ತು.

ಅವಳಿಗೀಗ ಮನೇಲೇ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರೆ ಮಾಡಿ ಕೊಡೋ ಕರೆಂಟ್ ಮಷಿನ್), ದಿನಕ್ಕೆ ಕನಿಷ್ಠ 15 ಗಂಟೆ ಹಾಕ್ಕೋಬೇಕು. ನಮ್ಮೂರಿನ ಕರೆಂಟ್ ನಿಮಗೆ ಗೊತ್ತಲ್ಲ, ಒಂದು ಮರ ಲೈನ್ ಮೇಲೆ ಬಿದ್ರೆ ಎರಡು ದಿನ ಕತ್ತಲೆ. ಇನ್ವರ್ಟರ್ ಎಷ್ಟು ಹೊತ್ತು ಎಳೆಯುತ್ತೆ ಅಂತ ಮಳೆ ಹಿಡಿಯೋ ಮುಂಚೆನೇ ಓಡಿಸಿ ನೋಡಿ, ಒಂದು ಸಿಲಿಂಡರ್ ತುಂಬಿಸಿ ಇಡಿ. ಮಷಿನ್ ದೇವರ ಕೋಣೆ ಬಾಗಿಲಲ್ಲಿ ಇಟ್ಟಿದ್ರು, ಎರಡು ಹೆಜ್ಜೆ ಆಚೆ ನಂದಾದೀಪ! ಆಕ್ಸಿಜನ್ ಹತ್ರ ಬೆಂಕಿ ಇದ್ರೆ ಅಪಾಯ. ಅವತ್ತೇ ಜಗಲಿಗೆ ಸಾಗಿಸಿದೆ.

ದೊಡ್ಡಾಯಿ ಅಡಿಗೆನ ಪೂರ್ತಿ ಗ್ಯಾಸಿಗೆ ಬಿಟ್ಟಿದಾಳೆ. ಬಚ್ಚಲ ಒಲೆ ಬಿಡಲ್ವಂತೆ, ಗೀಸರ್ ನೀರಲ್ಲಿ ಮಿಂದ ಹಾಗೇ ಆಗಲ್ವಂತೆ. ಈಗ ಬೆಂಕಿ ಹಾಕೋ ಕೆಲಸ ದೊಡ್ಡಪ್ಪಂದು, ಅವಳು ಜಗಲಿಲಿ ಪೈಪ್ ಹಾಕ್ಕೊಂಡು ಕೂತು ಅಲ್ಲಿಂದಲೇ ಸೌದೆ ಹೇಗೆ ಒಟ್ಟಬೇಕು ಅಂತ ಕೂಗಿ ಹೇಳ್ತಿರ್ತಾಳೆ.