ಗುಳಿಗಿ ಹೇಳಿದ ಲೆಕ್ಕ

ಮೂವತ್ತು ವರ್ಷ ಕಲಬುರಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಮಂದಿಯ ರಜೆ ಲೆಕ್ಕ ಹಾಕಿದವನು ನಾನು. ಹತ್ತು ದಿನಕ್ಕೆ ಅರ್ಜಿ ಬರೆದು ಹನ್ನೊಂದು ದಿನ ಊರಲ್ಲಿದ್ದು ಬಂದವರನ್ನು ಟೇಬಲ್ ಮುಂದೆ ನಿಲ್ಲಿಸಿ, "ಮೊದಲನೇ ದಿನಾನೂ ದಿನಾನೇ, ಕಡೀ ದಿನಾನೂ ದಿನಾನೇ" ಎಂದು ಪಾಠ ಹೇಳಿದ್ದೇನೆ. ಅಂಥ ನಾನು ಜರ್ಮನಿಗೆ ಹೋಗಿ ಅದೇ ಗುಂಡಿಗೆ ಬಿದ್ದೆ.

2024ರ ಬೇಸಿಗೆ. ನಮ್ಮ ಮೇ ತಿಂಗಳು ಗೊತ್ತಲ್ಲ, ಮಧ್ಯಾಹ್ನ ಜಗತ್ ಸರ್ಕಲ್‌ನಲ್ಲಿ ನಾಯಿಯೂ ನೆರಳು ಬಿಟ್ಟು ಏಳುವುದಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿರುವ ಮಗ "ಮೂರು ತಿಂಗಳು ಇದ್ದು ಹೋಗ್ರಿ" ಅಂದ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಹತ್ತೂ ಬೆರಳಿನ ಗುರುತು ಕೊಟ್ಟು, 30,000 ಯೂರೋ ವಿಮೆ ತೋರಿಸಿ ವೀಸಾ ಪಡೆದೆವು. ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿಯಲ್ಲಿ ಮೇ 27ರಿಂದ ಸೆಪ್ಟೆಂಬರ್ 8ರವರೆಗೆ ಎಂದಿತ್ತು. ಕೆಳಗಿನ ಸಾಲಿನಲ್ಲಿ 90 ಎಂಬ ಅಂಕಿಯೂ ಇತ್ತು. ಸೆಪ್ಟೆಂಬರ್ ಕಂಡಮೇಲೆ ಕೆಳಗಿನ ಸಾಲು ಯಾರಿಗೆ ಬೇಕು? ಮೇ 27ಕ್ಕೆ ಇಳಿಯುವುದು, ಆಗಸ್ಟ್ 27ಕ್ಕೆ ಹತ್ತುವುದು ಎಂದು ಟಿಕೆಟ್ ಮಾಡಿಸಿದೆ. ಲೆಕ್ಕಕ್ಕೆ ಲೆಕ್ಕ, ಮೇಲೆ ಹನ್ನೆರಡು ದಿನ ಉಳಿತಾಯ.

ಆಗಸ್ಟ್ 10ರ ಬೆಳಿಗ್ಗೆ ಹೆಂಡತಿ ಬಿ.ಪಿ. ಗುಳಿಗಿ ನುಂಗಿ, ಸ್ಟ್ರಿಪ್ ತಿರುಗಿಸಿ ನೋಡಿದಳು.

"ರೀ, ಹದಿನಾಲ್ಕೇ ಉಳಿದಾವ. ಹೊಂಡಲಾಕ ಇನ್ನಾ ಹದಿನೇಳು ದಿನ ಅದ."

ನಾನು ಊರಿನ ಔಷಧ ಅಂಗಡಿಯವನಿಗೆ ಬೈದೆ. ಮೂರು ತಿಂಗಳಿಗೆ ಅಂತ ಹೇಳಿದರೂ ಮೂರು ಗುಳಿಗಿ ಕಮ್ಮಿ ಕೊಟ್ಟಿದ್ದಾನೆ ಎಂದೆ.

"ಅವ ಹದಿನೈದರದು ಆರು ಸ್ಟ್ರಿಪ್ ಬರೋಬರಿ ಕೊಟ್ಟಾನ. ತೊಂಬತ್ತು. ನಿಮ್ಮ ಮೂರು ತಿಂಗಳಾಗೇ ತೊಂಬತ್ಮೂರು ದಿನ ಅವ."

ತೊಂಬತ್ತು ಎಂದ ಕೂಡಲೇ, ಎಷ್ಟು ದಿನ ಇರಬಹುದು ಎಂದು ಹೇಳುವ ಆ ಕೆಳಗಿನ ಸಾಲು ನೆನಪಾಗಿ ಎದೆ ಧಸಕ್ಕೆಂದಿತು. ಬೆರಳ ಗೆಣ್ಣು ಹಿಡಿದು ಎಣಿಸಿದೆ. ಮೇ, ಜುಲೈಗಳ ಮೂವತ್ತೊಂದು ಎರಡು ದಿನ ತಿಂದಿದ್ದವು, ಬಂದಿಳಿದ ದಿನ ಒಂದು. ಆಗಸ್ಟ್ 24ಕ್ಕೆ ಗುಳಿಗಿಯೂ ಖಾಲಿ, ನಮ್ಮ ಗಡುವೂ ಖಾಲಿ. ಮಗ ಚೀಟಿ ನೋಡಿ ತಲೆ ಹಿಡಿದುಕೊಂಡ. ಸೆಪ್ಟೆಂಬರ್ 8ರವರೆಗಿನ ಆ ಹೆಚ್ಚಿನ ಹದಿನೈದು ದಿನ ಪ್ರಯಾಣ ಹಿಂದುಮುಂದಾದರೆ ಇರಲಿ ಎಂದು ಕೊಡುವುದಂತೆ, ಉಳಿಯುವುದಕ್ಕಲ್ಲ. ಮೀರಿದರೆ ದಂಡ ಬೀಳಬಹುದು, ಮುಂದಿನ ವೀಸಾಕ್ಕೂ ಕುತ್ತು.

ನಾನು ಹಳೇ ಗುಮಾಸ್ತ, ಅಷ್ಟಕ್ಕೇ ಬಿಡುವವನಲ್ಲ. "ಜುಲೈದಾಗ ನಾಲ್ಕು ದಿನ ಸ್ವಿಟ್ಜರ್ಲೆಂಡಿಗೆ ಹೋಗಿದ್ವಲ್ಲ, ಅದನ್ನ ಕಳೀ. ಆ ದೇಶ ಯುರೋಪಿಯನ್ ಯೂನಿಯನ್‌ದಾಗೇ ಇಲ್ಲ" ಎಂದೆ.

"ಷೆಂಗೆನ್‌ದಾಗ ಅದ ಅಪ್ಪಾ, ಒಂದೇ ವೀಸಾ ನಡಿಯೋ ದೇಶಗಳ ಕೂಟ ಅದು. 29 ದೇಶಕ್ಕೂ ಕೂಡಿ ಒಂದೇ ಲೆಕ್ಕ."

ಹುಮನಾಬಾದ್ ದಾಟಿ ಜಹೀರಾಬಾದಿಗೆ ಹೋದರೆ ರಾಜ್ಯವೇ ಬದಲಾಗುತ್ತದೆ. ಇಲ್ಲಿ ದೇಶ ಬದಲಾದರೂ ಲೆಕ್ಕದ ಪುಸ್ತಕ ಬದಲಾಗಲಿಲ್ಲ.

ದಂಡ ಕಟ್ಟಿಯೇ ಟಿಕೆಟ್ ಬದಲಿಸಿದೆವು. ಆಗಸ್ಟ್ 24ರ ರಾತ್ರಿಯ ವಿಮಾನ. ಅದು ತಡವಾಗಿ ಹನ್ನೆರಡು ದಾಟಿದರೆ ಗತಿ ಏನು ಎಂದು ಹೆದರಿ, ಸಂಜೆ ಆರಕ್ಕೇ ಹೋಗಿ ಪಾಸ್‌ಪೋರ್ಟ್ ಕೌಂಟರಿನಲ್ಲಿ ನಿಂತೆ. ಅಧಿಕಾರಿ ಹಾಳೆ ತಿರುವಿ, ಒಂದೆರಡು ಕ್ಷಣ ಮನಸ್ಸಿನಲ್ಲೇ ಎಣಿಸಿ, ಠಸ್ಸೆ ಹೊಡೆದ. ಆ ಮುಖ ನಾನು ಚೆನ್ನಾಗಿ ಬಲ್ಲೆ, ಮೂವತ್ತು ವರ್ಷ ನನ್ನದೂ ಅದೇ ಆಗಿತ್ತು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹಂತಹಂತವಾಗಿ ಮುಖ, ಬೆರಳು ದಾಖಲಿಸಿಕೊಂಡು ಕಂಪ್ಯೂಟರೇ ದಿನ ಎಣಿಸಲು ಶುರುಮಾಡಿದೆ. ಅದರ ಮುಂದೆ ಕೆಮ್ಮಿ, ತಲೆ ಕೆರೆದು ನಿಲ್ಲಲೂ ಆಗದು.

ಹೈದರಾಬಾದಿಗೆ ಇಳಿದು ಮನೆಗೆ ಬಂದರೆ, ಎದುರುಮನೆಯ ಮಾಸ್ತರರು ಗೇಟಿನಲ್ಲೇ ಹಿಡಿದರು.

"27ಕ್ಕ ಹೊಂಡ್ತೀವಿ ಅಂದಿದ್ರಿ? ಸೊಸಿ ಕೂಡ ಏನರ ಆಯ್ತೇನ್ರಿ?"

ಕಾಗದ, ಪೆನ್ನು ತಂದು ಕುಳಿತೆ. ಯಾವ ದಿನ ನೋಡಿದರೂ ಅದರ ಹಿಂದಿನ 180 ದಿನದಲ್ಲಿ 90 ಮೀರಬಾರದು, ಆದ್ದರಿಂದ ಹೊಸ ವೀಸಾ ಕೊಟ್ಟರೂ ನವೆಂಬರ್ 22ರವರೆಗೆ ನಾವು ಕಾಲಿಡುವಂತಿಲ್ಲ, ದೀಪಾವಳಿಗೂ ಇಲ್ಲ ಎಂದು ಒಂದೊಂದೇ ತಿಂಗಳು ಬರೆದು ತೋರಿಸಿದೆ. ಮಾಸ್ತರರು ಕನ್ನಡಕ ಏರಿಸಿ ಎಲ್ಲ ಓದಿದರು. ಕಾಗದ ಮಡಚಿ ನನ್ನ ಕೈಗೇ ಕೊಟ್ಟು, ದನಿ ಇಳಿಸಿದರು.

"ದೀಪಾವಳಿಗೂ ಬರಬ್ಯಾಡ್ರಿ ಅಂದಾಳಂದ್ರ, ಜಗಳ ಭಾಳ ದೊಡ್ಡದೇ ಆಗ್ಯಾದ ಬಿಡ್ರಿ."