ಕೊಡೆಯೊಳಗಿನ ಕಡ್ಡಿ

ಈ ಭಾನುವಾರ ಪಾರ್ಕಿಗೆ ಹೋಗಿ ನೋಡಿದರೆ ಹೈಡ್ರೇಂಜಿಯಾ ಗಿಡ ಬೋಳು. ಹೂ ಕಿತ್ತಿದ್ದರೆ ಹೋಗಲಿ, ದೇವರಿಗೆ ಅಂದುಕೊಳ್ಳಬಹುದಿತ್ತು. ಇಲ್ಲಿ ನೆಡೋಕೆ ಅಂತಲೇ ಗೆಣ್ಣು ನೋಡಿ, ಅಳತೆ ನೋಡಿ, ಕಡ್ಡಿಗಳನ್ನೇ ಓರೆಯಾಗಿ ಕತ್ತರಿಸಿದ್ದಾರೆ. ಗೊತ್ತಿರೋರ ಕೈ! ಸಿಟ್ಟಿನ ಜೊತೆ ಸ್ವಲ್ಪ ಗೌರವವೂ ಬಂತು. ಜಾಸ್ತಿ ಉರಿಸಿದ್ದು ಅದೇ.

ಪಾರ್ಕು ಅಂದರೆ ರಾಜಾಸೀಟ್ ಅಂದುಕೊಳ್ಳಬೇಡಿ. ಅಲ್ಲಿ ತೋಟಗಾರಿಕೆ ಇಲಾಖೆ ಇದೆ, ಟಿಕೆಟ್ ಇದೆ, ಮಾಲಿಗಳಿದ್ದಾರೆ. ನಮ್ಮದು ಮಡಿಕೇರಿಯ ಒಂದು ಬಡಾವಣೆಯ ತಿರುವಿನ ಇಳಿಜಾರು. ಬಾಟಲಿ, ಡಯಾಪರ್ ರಾಶಿ ಎತ್ತಿ ನಾವು ನಾಲ್ಕಾರು ಮನೆಯವರು ಮಾಡಿಕೊಂಡದ್ದು. ಗುದ್ದಲಿ ಒಬ್ಬರದ್ದು, ಕತ್ತಿ ಇನ್ನೊಬ್ಬರದ್ದು. ಜೂನ್ ಬಂತು ಅಂದರೆ, ಗ್ರೂಪಿನಲ್ಲಿ ‘ಶ್ರಮದಾನಕ್ಕೆ ಬರ್ತೀವಿ’ ಅಂದವರಿಗೆಲ್ಲ ಒಟ್ಟಿಗೇ ಶೀತ. ಬಂದವರ ಕಾಲಿಗೆ ಜಿಗಣೆ. ಕಿತ್ತ ಕಳೆ ನಾವು ಮನೆ ಸೇರೋದರೊಳಗೆ ಮತ್ತೆ ತಲೆ ಎತ್ತಿರುತ್ತೆ. ಇದೆಲ್ಲ ಸಹಿಸಬಹುದು. ಕಡ್ಡಿ ಕಳ್ಳರನ್ನಲ್ಲ.

ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಒಂದು ಕಡ್ಡಿ ಮುರಿಯೋಕೂ ಜನ ಹೆದರುತ್ತಾರೆ. ಹಾಗಾದರೆ ನಾವೂ ಮೂಲೆಯಲ್ಲೊಂದು ಕಲ್ಲು ನಿಲ್ಲಿಸಿ ಕುಂಕುಮ ಹಚ್ಚೋಣ ಅಂತ ಒಬ್ಬರು ಐಡಿಯಾ ಕೊಟ್ಟರು. “ಆಮೇಲೆ ದೇವರಕಾಡಿನಲ್ಲಿ ಇಡೋ ಹಾಗೆ ಹರಕೆ ಅಂತ ಮಣ್ಣಿನ ನಾಯಿ ತಂದಿಡ್ತಾರೆ. ಈಗಿರೋ ನಿಜವಾದ ನಾಯಿಗಳೇ ಸಾಕು” ಅಂದರು ಇನ್ನೊಬ್ಬರು. ಐಡಿಯಾ ಅಲ್ಲಿಗೇ ಮುಗೀತು.

ನಮ್ಮ ಬೀದಿಯಲ್ಲಿ ಒಬ್ಬರು ಆಂಟಿ ಇದ್ದಾರೆ. ಬಿಸಿಲಿರಲಿ, ಮಂಜಿರಲಿ, ಉದ್ದನೆಯ ಕಪ್ಪು ಕೊಡೆ ಇಲ್ಲದೆ ಹೊರಗೆ ಬರೋರಲ್ಲ. ವಾಕಿಂಗಿಗೆ ಬಂದವರು ಗಿಡದ ಮುಂದೆ ನಿಲ್ಲುತ್ತಾರೆ. ಎಲೆ ತಿರುಗಿಸಿ ನೋಡುತ್ತಾರೆ. “ಪಾಪ, ಗೊಬ್ಬರ ಸಾಲದು” ಅನ್ನುತ್ತಾರೆ. ಸಣ್ಣಗೆ ‘ಚಟ್’ ಅಂತ ಒಂದು ಶಬ್ದ. ಕೈ ನೋಡಿದರೆ ಖಾಲಿ.

ಹೋದ ಮಳೆಗಾಲದಲ್ಲಿ ನಾವೆಲ್ಲ ಗಿಡದ ಸುತ್ತ ನಿಂತು ಕಳ್ಳರಿಗೆ ಬೈಯುತ್ತಿದ್ದೆವು. ಆಂಟಿಯೂ ಸೇರಿಕೊಂಡರು. “ಜನಕ್ಕೆ ನಾಚಿಕೆಯೇ ಇಲ್ಲ” ಅಂದರು. ಅಷ್ಟರಲ್ಲಿ ಧೋ ಅಂತ ಮಳೆ. ಎಲ್ಲರೂ ಕೊಡೆ ಬಿಚ್ಚಿದೆವು. ಆಂಟಿ ಬಿಚ್ಚಲಿಲ್ಲ. ತಲೆ ನೆನೆಯಿತು, ಕನ್ನಡಕದಿಂದ ನೀರು ಇಳಿಯಿತು, ಕೊಡೆ ಮಾತ್ರ ಕಂಕುಳಲ್ಲೇ ಭದ್ರ.

“ಆಂಟಿ, ಕೊಡೆ!” ಅಂದೆ.

“ಇರ್ಲಿ ಮಾರಾಯ್ತಿ, ಮಳೆನೀರು ಕೂದಲಿಗೆ ಒಳ್ಳೇದು.”

ಮಡಿಕೇರಿಯಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ ಈ ಮಾತು! ಪಕ್ಕದ ಮನೆ ಹುಡುಗ ತೀರಾ ಒಳ್ಳೆಯವನು. “ಕೊಡಿ ಆಂಟಿ, ನಾನು ಹಿಡೀತೀನಿ” ಅಂತ ಕೊಡೆ ಎಳೆದುಕೊಂಡು, ಅವರ ತಲೆ ಮೇಲೇ ಎತ್ತಿ ಹಿಡಿದು ಬಟನ್ ಒತ್ತಿದ. ಫಟ್! ಹೈಡ್ರೇಂಜಿಯಾ, ಬಿಗೋನಿಯಾ, ಜೆರೇನಿಯಂ ಕಡ್ಡಿಗಳೆಲ್ಲ ಮದುಮಗಳ ಮೇಲೆ ಅಕ್ಕಿಕಾಳು ಬಿದ್ದ ಹಾಗೆ ಬಿದ್ದವು. ಒಂದು ಜಡೆಯಲ್ಲೇ ಉಳಿಯಿತು. ಯಾರೂ ಉಸಿರೆತ್ತಲಿಲ್ಲ. ಆಂಟಿ ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

“ಗಿಡದ ಕಡ್ಡಿ ಸವರಿ ಕಪಾತು ಮಾಡೋದು ಬೇಡ್ವಾ? ಕಾಫಿಗೆ ಮಾಡಲ್ವಾ? ನೀವು ಯಾರೂ ಮಾಡಲ್ಲ, ಅದಕ್ಕೆ ನಾನು ಮಾಡ್ದೆ” ಅಂದು ಬಗ್ಗಿ ಒಂದೊಂದೇ ಹೆಕ್ಕಿ, ಮತ್ತೆ ಕೊಡೆಯೊಳಗೆ ಹಾಕಿಕೊಂಡು ಹೊರಟರು. ಜಡೆಯಲ್ಲಿದ್ದದ್ದೂ ಜೊತೆಗೇ ಹೋಯಿತು.

ಈ ವರ್ಷ ಅವರ ಹೊಸ ಕಾಂಪೌಂಡಿನ ಬುಡದಲ್ಲಿ ಹೈಡ್ರೇಂಜಿಯಾ ಸಾಲಾಗಿ ಅರಳಿದೆ. ಕೇಳೋಣ ಅಂತ ಹೋದರೆ, “ನಿಮ್ಮದು ನೀಲಿ, ನಮ್ಮದು ಪಿಂಕ್. ಕಣ್ಣು ಕಾಣಲ್ವಾ?” ಅಂದರು. ವಿಷಯ ಏನಪ್ಪಾ ಅಂದರೆ, ನಮ್ಮ ಮಣ್ಣು ಹುಳಿ ಮಣ್ಣು. ಅದಕ್ಕೇ ತೋಟದವರು ಸುಣ್ಣ ಹಾಕೋದು. ಹುಳಿ ಮಣ್ಣಲ್ಲಿ ಹೈಡ್ರೇಂಜಿಯಾ ನೀಲಿ, ಸುಣ್ಣದ ಅಂಶ ಜಾಸ್ತಿಯಾದರೆ ಪಿಂಕ್. ಹೊಸ ಗೋಡೆಯ ಸಿಮೆಂಟು ನಮ್ಮ ಸಾಕ್ಷಿಯನ್ನೇ ತಿಂದುಹಾಕಿತ್ತು.

ಅಮ್ಮನ ಹತ್ತಿರ ದೂರಿದರೆ ಅವರು ನಕ್ಕರು. ಅಮ್ಮನ ಹಿತ್ತಲಿನ ಗಿಡಗಳಿಗೆಲ್ಲ ಬಂದ ಮನೆಯ ಹೆಸರೇ ಇದೆ. ಸುಂಟಿಕೊಪ್ಪದ ಅತ್ತೆ ದಾಸವಾಳ, ಟೀಚರ್ ಬಿಗೋನಿಯಾ, ಮಕ್ಕಂದೂರಿನ ದೊಡ್ಡಮ್ಮನ ಗುಲಾಬಿ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ದೊಡ್ಡಮ್ಮನ ಅಂಗಳ ಹೂಗಿಡಗಳ ಸಮೇತ ಹೋಯಿತು. ಈಗ ಬಂದಾಗಲೆಲ್ಲ ಅವರು ಆ ಗುಲಾಬಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಅದನ್ನು ಅಮ್ಮ ಕೇಳಿಯೇ ತಂದಿದ್ದರಾ ಅಂತ ನಾನು ವಿಚಾರಿಸಲು ಹೋಗಿಲ್ಲ.

ಹಾಗಂತ ಪಾರ್ಕಿನ ಬೋಳು ಗಿಡ ತುಂಬಿಕೊಳ್ಳಲ್ಲ ಅಲ್ವಾ? ಹೊಸ ಗಿಡಕ್ಕೆ ಗ್ರೂಪಿನಲ್ಲಿ ಕೇಳಿದೆ. ಮೊದಲು ಉತ್ತರ ಬಂದದ್ದು ಆಂಟಿಯದೇ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೇರು ಬಂದ ಗಿಡಗಳಿವೆಯಂತೆ, ಒಂದಕ್ಕೆ ಐವತ್ತು, ಪಾರ್ಕಿಗಾದರೆ ನಲವತ್ತು. ಬೇರೆ ದಾರಿಯಿಲ್ಲದೆ ಹೋಗಿ ದುಡ್ಡು ಎಣಿಸಿ ಕೊಟ್ಟೆ. ಗೇಟಿನವರೆಗೆ ಬಂದು ಆಂಟಿ ಹೇಳಿದರು:

“ಅಲ್ಲಿ ನೆಟ್ಟ ಮೇಲೆ ನೀಲಿ ಬಿಟ್ಟಿತು ಅಂತ ದುಡ್ಡು ವಾಪಸ್ ಕೇಳ್ಬೇಡ ಆಯ್ತಾ?”