ಸತ್ಯಾಂಶ: ಸ್ಟ್ರೋಕ್ ಆಗಿ ಆರು ತಿಂಗಳಾದ್ರೆ ಇನ್ನೇನೂ ಆಗಲ್ವಾ?

ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಓಡಾಡ್ತಿದೆ, "ಲಕ್ವ ಹೊಡೆದು ಆರು ತಿಂಗಳೊಳಗೆ ಕೈಕಾಲು ಬರದಿದ್ರೆ ಇನ್ನು ಬರಲ್ಲ, ಫಿಸಿಯೋಗೆ ದುಡ್ಡು ಸುರೀಬೇಡಿ, ಪಾರಿವಾಳದ ರಕ್ತ ಹಚ್ಚಿ" ಅಂತ. ಪಾಪ ಪಾರಿವಾಳನ ಬಿಟ್ಬಿಡಿ, ಪೆಟ್ಟು ಬಿದ್ದಿರೋದು ಮೆದುಳಿಗೆ, ಚರ್ಮಕ್ಕೆ ಏನು ಹಚ್ಚಿದ್ರೂ ಅಲ್ಲಿಗೆ ತಲುಪಲ್ಲ.

ಆರು ತಿಂಗಳ ಮಾತಲ್ಲಿ ಅರ್ಧ ನಿಜ ಇದೆ. ಮೊದಲ 3 ತಿಂಗಳು ಚೇತರಿಕೆ ಜೋರಾಗಿರುತ್ತೆ, ಆಮೇಲೆ ನಿಧಾನ ಆಗುತ್ತೆ, ಆದ್ರೆ ನಿಂತೇಹೋಗಲ್ಲ. 2006ರಲ್ಲಿ ಬಂದ ಎಕ್ಸೈಟ್ ಅನ್ನೋ ಅಮೆರಿಕದ ಸ್ಟಡಿಲಿ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನ ಇದ್ರು, ಅದರಲ್ಲಿ ಒಂದು ಗುಂಪಿಗೆ ಚೆನ್ನಾಗಿರೋ ಕೈಗೆ ಗ್ಲೌಸ್ ಹಾಕಿ ಸೋತ ಕೈಯಲ್ಲೇ 2 ವಾರ ಕೆಲಸ ಮಾಡಿಸಿದ್ರು, ವರ್ಷ ಆದ್ಮೇಲೂ ಅವರ ಕೈ ಉಳಿದವರಿಗಿಂತ ಚೆನ್ನಾಗಿ ಆಡ್ತಿತ್ತು. ಬೆರಳು ಮಣಿಕಟ್ಟು ಸ್ವಲ್ಪನಾದ್ರೂ ಆಡೋರಿಗೆ ಮಾತ್ರ ಇದು, ಎಲ್ರಿಗೂ ಅಲ್ಲ.

ಮನೇಲಿ ಶರ್ಟ್ ಹಾಕೋವಾಗ ಸೋತ ಕೈ ಮೊದಲು ತೂರಿಸಿ, ಬಿಚ್ಚೋವಾಗ ಕೊನೇಗೆ. ಎಬ್ಬಿಸೋಕೆ ಅಂತ ಆ ಕೈ ಹಿಡಿದು ಎಳೀಲೇಬೇಡಿ, ಭುಜದ ಕೀಲು ಜಾರಬಹುದು, ಆ ನೋವಿಗೇ ಹೆದರಿ ಎಕ್ಸರ್ಸೈಜ್ ಬಿಟ್ಟವರಿದ್ದಾರೆ. ನೀರು ಕುಡಿಯೋವಾಗ ಕೆಮ್ಮು ಬರ್ತಿದ್ರೆ ಅದನ್ನೂ ಡಾಕ್ಟರಿಗೆ ಹೇಳಿ, ನುಂಗೋದಕ್ಕೂ ಥೆರಪಿ ಇದೆ.